ಗಾಳಿ ಬಿಡಿ

ಏಪ್ರಿಲ್ 1, ಸೋಮವಾರ

ನನ್ನ ಗಾಡಿಗೆ ರಟ್ಟು ಹಾಕುವ ಕೆಲಸ ಇವತ್ತಿಗೆ ಮುಗಿಯಿತು. ನಲವತ್ತೊಂದು ವರ್ಷ ಪುಸ್ತಕ ಕಟ್ಟಿದ ಕೈ, ನಿವೃತ್ತಿಯಾಯಿತೆಂದು ಮಡಿಲಲ್ಲಿ ಕೂರು ಎಂದರೆ ಕೂರುತ್ತದೆಯೇ?

ಸೊಸೆ ಫೆಬ್ರವರಿಯಿಂದ ನನ್ನ ಹಳೆಯ ಮೋಟಾರ್‌ಸೈಕಲ್ಲಿನಲ್ಲೇ ಲಸಿಕೆಯ ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತಾಳೆ. ಆರೋಗ್ಯ ಕೇಂದ್ರದಿಂದ ಹೊರಟು ಐದು ಕಡೆ ನಿಂತು, ಕೊನೆಗೆ ಕಲ್ಲುಗಣಿಯ ಕೂಲಿಮನೆಗಳಿಗೆ ಹತ್ತೂವರೆಯೊಳಗೆ ತಲುಪಬೇಕು. ಪೆಟ್ಟಿಗೆಯೊಳಗೆ ಮಂಜುಗಡ್ಡೆ, ಹೊರಗೆ ಸುಡು ಬಿಸಿಲು. ಹೋದ ವಾರ ಎಂಜಿನ್ನಿಗೆ ಕಾಲು ತಗುಲಿ ಮೀನಖಂಡದ ಮೇಲೆ ಬೊಬ್ಬೆ ಎದ್ದಿತ್ತು. "ಏನಿಲ್ಲ ಮಾವ, ಚಿಕ್ಕದು" ಅಂದಳು. ಚಿಕ್ಕದೆಂದು ಬಿಡಲಾಗುತ್ತದೆಯೇ?

ಎಂಜಿನ್ನಿನ ಸುತ್ತ ತೆಳ್ಳನೆಯ ಲೋಹದ ರೆಕ್ಕೆಗಳಿರುತ್ತವೆ, ಒಂದರ ಮೇಲೊಂದು, ಹೊಲಿಯದೆ ಬಿಟ್ಟ ಪುಟಗಳ ಹಾಗೆ. ಕಟ್ಟದ ಪುಸ್ತಕ ಕಂಡರೆ ನನಗೆ ಮೊದಲಿನಿಂದಲೂ ಕೈ ಕಡಿಯುತ್ತದೆ. ಎರಡು ತಗಡು ಅಳತೆಗೆ ಕತ್ತರಿಸಿ, ಮೇಲೆ ಕಡುಗೆಂಪು ರೆಕ್ಸಿನ್ ಅಂಟಿಸಿ, ಅಂಚು ಮಡಿಚಿ, ಎಡಕ್ಕೊಂದು ಬಲಕ್ಕೊಂದು ನಾಲ್ಕು ನಾಲ್ಕು ಸ್ಕ್ರೂ ಹಾಕಿ ಕೂರಿಸಿದೆ. ಈಗ ಒಂದು ರೆಕ್ಕೆಯೂ ಕಾಣುವುದಿಲ್ಲ. ನಿಘಂಟಿನಂತೆ ಗಂಭೀರವಾಗಿದೆ.

ಇವಳು, ನನ್ನ ಹೆಂಡತಿ, ಬಾಗಿಲಲ್ಲಿ ನಿಂತು ನೋಡಿದಳು. "ಚೆನ್ನಾಗಿದೆ. ಪುಟದ ನಂಬರೂ ಹಾಕಿಬಿಡಿ."

ಏಪ್ರಿಲ್ 3, ಬುಧವಾರ

ಗಾಡಿ ನಡುದಾರಿಯಲ್ಲಿ ನಿಂತುಬಿಟ್ಟಿತಂತೆ. ಏರು ಬಂದಾಗ ಎಳೆಯಲಿಲ್ಲ, ಟಕಟಕ ಎಂದಿತು, ಆರಿತು. ಎಷ್ಟು ಒದ್ದರೂ ಸ್ಟಾರ್ಟ್ ಆಗಲಿಲ್ಲ, ಅರ್ಧ ಗಂಟೆ ತಣ್ಣಗಾದ ಮೇಲೆ ತಾನಾಗಿಯೇ ಎದ್ದಿತು. ಗಣಿಗೆ ಹೋಗಿ ಮುಟ್ಟುವಾಗ ಹನ್ನೊಂದು. ರಿಜಿಸ್ಟರಿನಲ್ಲಿ ಒಂದು "ತಡ" ಬಿತ್ತು.

ಆರೋಗ್ಯ ಕೇಂದ್ರದವರ ಲೆಕ್ಕ ಹೀಗಿದೆ. ಈ ತಿಂಗಳೊಳಗೆ ಮೂರು ತಡ ಬಿದ್ದರೆ ದಾರಿ ಬೇರೆಯವರಿಗೆ, ಸೊಸೆ ವಾಪಸ್ ಉಗ್ರಾಣಕ್ಕೆ. ಅಲ್ಲಿ ಕಿಟಕಿಯಿಲ್ಲದ ಕೋಣೆಯಲ್ಲಿ ಮೂರು ವರ್ಷ ಸಿರಿಂಜ್ ಎಣಿಸಿದ್ದಾಳೆ. ಹಟ ಹಿಡಿದು, ಎರಡು ಸಲ ಅರ್ಜಿ ಹಾಕಿ, ಈ ದಾರಿ ಪಡೆದವಳು. ನನ್ನನ್ನು ಕೇಳಿದರೆ ಉಗ್ರಾಣದಲ್ಲಿ ಏನು ಕೊರತೆ? ನೆರಳಿದೆ, ಫ್ಯಾನಿದೆ, ಕಾಲು ಸುಡುವುದಿಲ್ಲ. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಗಾಡಿ ಬಿಸಿಯಾಗುವುದು ಓಡಿಸುವವರಿಂದ. ಕ್ಲಚ್ಚನ್ನು ಅರ್ಧ ಹಿಡಿದೇ ಓಡಿಸುತ್ತಾಳೆ ಎಂದು ನನ್ನ ಅನುಮಾನ. ಊಟಕ್ಕೆ ಕೂತಾಗ ಕ್ಲಚ್ಚಿನ ವಿಷಯ ಸವಿಸ್ತಾರವಾಗಿ ತಿಳಿಸಿದೆ. ಕೇಳಿಕೊಂಡಳು. ಆಮೇಲೆ ಮೆಲ್ಲಗೆ, "ಮಾವ, ಆ ಹೊದಿಕೆ ಸ್ವಲ್ಪ ಜಾಸ್ತಿ ಆಯ್ತೇನೋ" ಅಂದಳು.

ಬಣ್ಣ ಗಾಢವಾಯಿತು ಎಂದಿರಬೇಕು. ಹೆಣ್ಣುಮಕ್ಕಳು ಬಣ್ಣ ನೋಡುತ್ತಾರೆ. "ಕಂದು ರೆಕ್ಸಿನ್ನೂ ಇದೆಯಮ್ಮ, ಬೇಕಾದರೆ ಬದಲಾಯಿಸೋಣ" ಅಂದೆ. ಅವಳು ನೀರು ಕುಡಿದಳು.

ಏಪ್ರಿಲ್ 5, ಶುಕ್ರವಾರ

ಎಂಜಿನ್ ಆಯಿಲ್ ಬದಲಾಯಿಸಿದೆ. ಹಳೆಯದು ಕಪ್ಪು ಶಾಯಿಯಂತಿತ್ತು. ಬರೆಯಬಹುದಾಗಿತ್ತು.

ನನ್ನ ಬಳಿ "ಮೋಟಾರು ವಾಹನ ಸ್ವಯಂಬೋಧೆ" ಎಂಬ ಪುಸ್ತಕ ಇದೆ. ನಾನೇ ಕಟ್ಟಿದ್ದು, ಮುದ್ರಣಾಲಯದವರು ತಿರಸ್ಕರಿಸಿದ್ದು. ಅವತ್ತು ಮೇಜಿನ ಮೇಲೆ ಎರಡು ಪುಸ್ತಕದ ಹಾಳೆಗಳಿದ್ದವು. ಹದಿನಾರು ಪುಟದ ಒಂದು ಫಾರಂ ಆಚೀಚೆಯಾಯಿತು. ಹಾಗಾಗಿ ನಲವತ್ತೆಂಟನೆಯ ಪುಟ "ಎಂಜಿನ್ ಅತಿಯಾಗಿ ಕಾಯುತ್ತಿದ್ದರೆ ಎಲ್ಲಕ್ಕಿಂತ ಮೊದಲು" ಎಂದು ಮುಗಿಯುತ್ತದೆ. ಉತ್ಸಾಹದಿಂದ ಪುಟ ತಿರುಗಿಸಿದರೆ ನಲವತ್ತೊಂಬತ್ತರಲ್ಲಿ, "ಬುಡಕ್ಕೆ ನೀರುಣಿಸಿ, ಒದ್ದೆ ಗೋಣಿ ಹೊದಿಸಿ, ಬೆಳಗ್ಗೆ ಸಂಜೆ ತೇವ ಆರದಂತೆ ನೋಡಿಕೊಳ್ಳಬೇಕು. ಎಳೆಯ ಸಸಿಗಳಿಗೆ ಇದು ಅತ್ಯಗತ್ಯ."

ನನ್ನ ವಿದ್ಯೆಯೆಲ್ಲ ಹೀಗೆಯೇ. ಕಟ್ಟುವಾಗ ಓದಿದ್ದು. ಯಾವ ಶಾಸ್ತ್ರವೂ ಪೂರ್ತಿ ತಿಳಿಯದು, ಯಾವುದೂ ಪೂರ್ತಿ ತಿಳಿಯದೆಯೂ ಇಲ್ಲ.

ಏಪ್ರಿಲ್ 9, ಮಂಗಳವಾರ

ಆಯಿಲ್ ಬದಲಾಯಿಸಿದ ಮೇಲೂ ಗಾಡಿ ಕಾಯುತ್ತಿದೆ. ಎರಡು ದಿನ ಕೂದಲೆಳೆ ಅಂತರದಲ್ಲಿ ಹೊತ್ತಿಗೆ ತಲುಪಿದಳಂತೆ. ಮಧ್ಯಾಹ್ನ ಅವಳು ಬಂದ ಮೇಲೆ ಗಾಡಿಯನ್ನು ತಳ್ಳಿಕೊಂಡು ಬೀದಿ ಕೊನೆಯ ಮೆಕ್ಯಾನಿಕ್ಕನ ಹತ್ತಿರ ಹೋದೆ.

ಅವನನ್ನು ಎಲ್ಲರೂ ಮೂರುಮಾತು ಎನ್ನುತ್ತಾರೆ. ತುಟಿಗಳ ಸಂದಿಯಲ್ಲಿ ಸದಾ ಒಂದು ಸ್ಕ್ರೂ ಇರುತ್ತದೆ. ಆದ್ದರಿಂದ ಒಂದು ಸಲಕ್ಕೆ ಮೂರು ಪದ ದಾಟುವುದಿಲ್ಲ. ನಾನು ಆಯಿಲಿನ ಬಣ್ಣ, ಕ್ಲಚ್ಚು, ಏರು, ಸೊಸೆಯ ಕೆಲಸ, ನನ್ನ ಅನುಭವ ಎಲ್ಲವನ್ನೂ ವಿವರಿಸಿದೆ. ಅವನು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ. ಅದರ ತುದಿ ಬೆಳ್ಳಗೆ ಬೆಂದಿತ್ತು. ಬಗ್ಗಿ ನನ್ನ ರಟ್ಟನ್ನು ಬೆರಳಿನಿಂದ ಎರಡು ಸಲ ತಟ್ಟಿದ. ಮೆಚ್ಚಿಕೊಂಡಿರಬೇಕು. ಆಮೇಲೆ ಅಂದ:

"ಗಾಳಿ ಬಿಡಿ ಅದಕ್ಕೆ."

ಅಷ್ಟೆ. ಇನ್ನೊಂದು ಗಾಡಿಯ ಕೆಳಗೆ ತೂರಿಕೊಂಡ.

ಮನೆಗೆ ಬಂದು ಯೋಚಿಸಿದಾಗ ಅವನ ಬುದ್ಧಿವಂತಿಕೆ ಅರ್ಥವಾಯಿತು. ಬಿಸಿಲಿಗೆ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ಟೈರನ್ನು ಬಿಗಿಯುತ್ತದೆ, ಬಿಗಿದ ಟೈರು ಎಂಜಿನ್ನಿಗೆ ಭಾರ. ಎಷ್ಟು ಸರಳ! ಎರಡೂ ಚಕ್ರಗಳ ಗಾಳಿಯನ್ನು ಹೆಬ್ಬೆರಳಿಗೆ ಮೆತ್ತಗೆ ತಾಗುವಷ್ಟು ಬಿಟ್ಟೆ. ಗಾಡಿ ನಿಟ್ಟುಸಿರಿಟ್ಟಂತೆ ಕಂಡಿತು.

ಏಪ್ರಿಲ್ 10, ಬುಧವಾರ

ಎರಡನೆಯ ತಡ.

ಗಣಿಗೆ ಇನ್ನೂ ಎರಡು ಮೈಲಿ ಇರುವಾಗ ನಿಂತಿತಂತೆ. ಟೈರು ನೆಲಕ್ಕೆ ಅಂಟಿಕೊಂಡು ಗಾಡಿ ತಳ್ಳುವುದಕ್ಕೂ ಬರುತ್ತಿರಲಿಲ್ಲವಂತೆ. ಮುಖ ಕೆಂಪಾಗಿ, ಕೂದಲಿಗೆ ಧೂಳು ಮೆತ್ತಿಕೊಂಡು ಬಂದಳು. ಹೆಲ್ಮೆಟ್ ತೆಗೆದಿಟ್ಟು, "ಯಾರೋ ಪೋಲಿ ಹುಡುಗರು ಟೈರಿನ ಗಾಳಿ ಬಿಟ್ಟಿದಾರೆ ಮಾವ" ಅಂದಳು.

ನಾನು ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡೆ. ಆಮೇಲೆ, "ಈಗಿನ ಹುಡುಗರಿಗೆ ಹೇಳೋರು ಕೇಳೋರು ಇಲ್ಲ ನೋಡು" ಅಂದೆ.

ಇವಳು ಅಡುಗೆಮನೆಯಿಂದ, "ಈಗಿನ ಹುಡುಗರಿಗೆ ಅರವತ್ತೆಂಟು ವಯಸ್ಸು" ಅಂದದ್ದು ಕೇಳಿಸಿತು. ಕೇಳಿಸದವನಂತೆ ಕೈ ತೊಳೆಯಲು ಹೋದೆ.

ಇನ್ನೊಂದೇ ಉಳಿದಿದೆ. ಮೇಲ್ವಿಚಾರಕಿ ಕರೆದು ಎಚ್ಚರಿಕೆ ಕೊಟ್ಟರಂತೆ. ಸೊಸೆ ಅದನ್ನು ಹೇಳುವಾಗ ಅಳಲಿಲ್ಲ. ಬೆಳಗಿನ ಪೆಟ್ಟಿಗೆಯ ಪಟ್ಟಿಯನ್ನು ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಿಸುತ್ತಿದ್ದಳು. ಉಗ್ರಾಣದಲ್ಲಿ ಫ್ಯಾನಿದೆ ಎಂದು ಹೇಳೋಣವೆಂದುಕೊಂಡೆ. ಯಾಕೋ ಹೇಳಲಿಲ್ಲ.

ಏಪ್ರಿಲ್ 11, ಗುರುವಾರ

ತೋಟಗಾರಿಕೆ ಏನು ಕೀಳು ಶಾಸ್ತ್ರವೇ? ಸಸಿ ಬಾಡುವುದೂ ಬಿಸಿಲಿಗೆ, ಎಂಜಿನ್ ಬಾಡುವುದೂ ಬಿಸಿಲಿಗೆ. ಪುಸ್ತಕ ತಾನಾಗಿ ಒಂದು ದಾರಿ ತೋರಿಸಿರುವಾಗ ಬೇಡವೆನ್ನಲು ನಾನು ಯಾರು? ಗೋಣಿಚೀಲವನ್ನು ನೆನೆಸಿ ಪೆಟ್ರೋಲ್ ಟ್ಯಾಂಕಿನ ಮೇಲೆ ಹೊದಿಸಿ, ಎಂಜಿನ್ನಿನ ಮೇಲಕ್ಕೂ ಇಳಿಬಿಟ್ಟೆ.

ಸೊಸೆ ನೋಡಿದಳು. "ಹೀಗೇ ಹೋಗ್ಲಾ ಮಾವ?"

"ಹೀಗೇ ಹೋಗು. ನೀರು ಆರಬಾರದು."

"ಹೂಂ" ಅಂದಳು. ಬೀದಿಯ ಕೊನೆ ದಾಟುವ ತನಕ ನೋಡುತ್ತ ನಿಂತೆ. ಮೂರುಮಾತಿನ ಅಂಗಡಿಯ ಮುಂದೆ ಸ್ವಲ್ಪ ನಿಂತಳು. ಅವನಿಗೂ ತೋರಿಸಿರಬೇಕು.

ಏಪ್ರಿಲ್ 12, ಶುಕ್ರವಾರ

ಗಾಡಿ ಕಾಯಲಿಲ್ಲ! ಹತ್ತು ಇಪ್ಪತ್ತಕ್ಕೇ ಗಣಿ ತಲುಪಿದ್ದಾಳೆ.

ಏಪ್ರಿಲ್ 17, ಬುಧವಾರ

ಗಾಡಿ ಕಾಯದೆ ಆರು ದಿನ. ಇದು ನನ್ನ ಜೀವಮಾನದ ಸಾಧನೆಗಳಲ್ಲಿ ಒಂದು ಎಂದರೆ ಜಂಬವಾಗಲಾರದು. ಆಶ್ಚರ್ಯವೆಂದರೆ, ಮಧ್ಯಾಹ್ನ ಎರಡಕ್ಕೆ ಬರುವಾಗಲೂ ಗೋಣಿ ಬೆಳಗ್ಗೆ ನೆನೆಸಿದಷ್ಟೇ ಒದ್ದೆಯಾಗಿರುತ್ತದೆ, ನೀರು ತೊಟ್ಟಿಕ್ಕುತ್ತಿರುತ್ತದೆ. ಅಷ್ಟು ತಂಪನ್ನು ಹಿಡಿದಿಟ್ಟುಕೊಂಡಿದೆ! ಇನ್ನೂ ಒಂದು ವಿಷಯ. ಚಕ್ರ, ಪೆಟ್ಟಿಗೆ, ಸೊಸೆಯ ಚಪ್ಪಲಿ ಎಲ್ಲ ಗಣಿಯ ಬಿಳಿ ಧೂಳಿನಲ್ಲಿ ಮುಳುಗಿರುತ್ತವೆ. ನನ್ನ ರಟ್ಟಿನ ಮೇಲೆ ಮಾತ್ರ ಒಂದು ಕಣವೂ ಇಲ್ಲ. ಒಳ್ಳೆಯ ರೆಕ್ಸಿನ್ನಿಗೆ ಧೂಳು ಹಿಡಿಯದು ಎಂದು ನಾನು ಮುದ್ರಣಾಲಯದಲ್ಲಿ ಎಷ್ಟು ಸಲ ಹೇಳಿದ್ದೆ, ಯಾರೂ ನಂಬಿರಲಿಲ್ಲ.

ಹಾಲಿನವನ ಗಾಡಿಯೂ ಕಾಯುತ್ತಿದೆಯಂತೆ. ಕರೆದು ಕೂರಿಸಿ ಎಲ್ಲ ಹೇಳಿಕೊಟ್ಟೆ. ರಟ್ಟಿನ ಅಳತೆಯನ್ನೂ ಬರೆದುಕೊಟ್ಟೆ. ಅವನು ಚೀಟಿಯನ್ನು ಜೇಬಿಗಿಟ್ಟುಕೊಂಡು, "ಮೊದ್ಲು ಮೆಕ್ಯಾನಿಕ್‌ನ ಒಂದ್ಮಾತು ಕೇಳ್ತೀನಿ ಯಜಮಾನ್ರೆ" ಅಂದ. ಜನಕ್ಕೆ ಬಿಟ್ಟಿ ವಿದ್ಯೆಯ ಬೆಲೆ ಗೊತ್ತಾಗುವುದಿಲ್ಲ.

ಏಪ್ರಿಲ್ 20, ಶನಿವಾರ

ಮಗ ಫೋನ್ ಮಾಡಿದ್ದ. ದೂರದ ಲಾರಿ ಓಡಿಸುತ್ತಾನೆ, ಈ ತಿಂಗಳು ಮನೆ ಕಂಡಿಲ್ಲ. ಗಾಡಿಯ ಕಥೆಯನ್ನು ಅಥದಿಂದ ಇತಿಯವರೆಗೆ ಹೇಳಿದೆ.

"ಅಪ್ಪಾ."

"ಹೇಳಪ್ಪ."

"ಇನ್ನು ಅದಕ್ಕೆ ಏನೂ ಮಾಡ್ಬೇಡಿ. ದಯವಿಟ್ಟು. ಹೇಗಿದೆಯೋ ಹಾಗೇ ಬಿಟ್ಬಿಡಿ."

ಚೆನ್ನಾಗಿ ನಡೆಯುತ್ತಿರುವುದನ್ನು ಕೆದಕಬಾರದು ಎಂದು ಅವನ ಅಭಿಪ್ರಾಯ. ಲಾರಿಯವರಿಗೆ ತಾಳ್ಮೆ ಹೆಚ್ಚು.

ಸೊಸೆ ಈಚೆಗೆ ಊಟದ ಹೊತ್ತಿನಲ್ಲಿ ಮಾತಾಡುತ್ತಾಳೆ. ಗಣಿಯಲ್ಲಿ ಒಬ್ಬ ತಾಯಿ ಮಗುವನ್ನು ಕಲ್ಲು ಹೊರುವ ಬುಟ್ಟಿಯಲ್ಲಿ ಮಲಗಿಸಿಕೊಂಡು ಸಾಲಿನಲ್ಲಿ ನಿಲ್ಲುತ್ತಾಳಂತೆ. ಗಾಡಿಯ ಸದ್ದು ತಿರುವಿನಲ್ಲಿ ಕೇಳಿಸುತ್ತಿದ್ದಂತೆ ಹೆಂಗಸರು ಕೈ ತೊಳೆದು ಬರುತ್ತಾರಂತೆ. ತಡವಾದರೆ ಮೇಸ್ತ್ರಿ ಅವರನ್ನು ಕೆಲಸಕ್ಕೆ ಅಟ್ಟುತ್ತಾನೆ, ಆ ವಾರ ಮಕ್ಕಳಿಗೆ ಲಸಿಕೆ ಇಲ್ಲ. ಹತ್ತೂವರೆ ಎಂದರೆ ಅದು. ನಾನು ಅದನ್ನು ಬರೀ ಗಡಿಯಾರದ ವಿಷಯ ಎಂದುಕೊಂಡಿದ್ದೆ.

ಏಪ್ರಿಲ್ 23, ಮಂಗಳವಾರ

ನಾಳೆ ಪರಿಶೀಲನೆ. ಮೇಲ್ವಿಚಾರಕಿಯೇ ಗಣಿಯಲ್ಲಿ ಗಡಿಯಾರ ಹಿಡಿದು ಕಾದಿರುತ್ತಾರೆ. ಗಾಡಿಯನ್ನು ಮೂಲೆ ಮೂಲೆ ಒರೆಸಿದೆ. ರಟ್ಟಿನ ಸ್ಕ್ರೂಗಳನ್ನು ನೋಡಿ ಗಾಬರಿಯಾಯಿತು. ಎಂಟಕ್ಕೆ ಎಂಟರ ತಲೆಗಳೂ ಸವೆದು ನುಣ್ಣಗಾಗಿವೆ, ದಿನಕ್ಕೆ ಎರಡು ಸಲ ಯಾರೋ ತಿರುಪಿ ತೆಗೆದಂತೆ. ಈಗಿನ ಸ್ಕ್ರೂಗಳಿಗೆ ಸತ್ವವೇ ಇಲ್ಲ. ನಾಳೆ ಅಧಿಕಾರಿಯ ಎದುರಿಗೇ ರಟ್ಟು ಕಳಚಿ ಬಿದ್ದರೆ ಗತಿಯೇನು?

ಎಂಟೂ ಸ್ಕ್ರೂ ಕಿತ್ತು ರಿವೆಟ್ ಹೊಡೆದೆ. ಇನ್ನು ಜನ್ಮದಲ್ಲಿ ಕಳಚದು. ಹೇಳದೆ ಇಟ್ಟಿದ್ದೇನೆ, ಬೆಳಗ್ಗೆ ತಾನಾಗಿ ನೋಡಲಿ.

ಏಪ್ರಿಲ್ 24, ಬುಧವಾರ, ಬೆಳಗ್ಗೆ

ಪರಿಶೀಲನೆಯೆಂದು ಸೊಸೆ ಇವತ್ತು ಆರೂವರೆಗೇ ಹೊರಟಳು. ಕೀಲಿ ಹಾಕಲು ಬಗ್ಗಿದವಳು ರಿವೆಟ್ ನೋಡಿದಳು. ಬೆರಳಿನಿಂದ ಒಂದೊಂದನ್ನೂ ಮುಟ್ಟಿದಳು. ನನ್ನನ್ನು ನೋಡಿದಾಗ ಕಣ್ಣು ತುಂಬಿತ್ತು.

"ಚೆನ್ನಾಗಿದೆ ಮಾವ" ಅಂದಳು.

ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಕೃತಜ್ಞತೆ! ಒಳಗೆ ಬಂದು ಇವಳಿಗೆ ಹೇಳಿದೆ. ಇವಳು ನನ್ನ ಮುಖವನ್ನೇ ನೋಡುತ್ತ, ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು, "ಅಯ್ಯೋ" ಅಂದಳು. ಏಕೆಂದು ಕೇಳಿದರೆ, "ಹೋಗಿ ಆ ಮೆಕ್ಯಾನಿಕ್‌ನ ಕೇಳಿ, ನಾನು ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದೀನಿ" ಎಂದು ಒಳಗೆ ಹೋದಳು.

ಅವನ ಅಂಗಡಿ ತೆರೆಯುವುದು ಎಂಟಕ್ಕೆ. ಹೋಗಿ ಬರುತ್ತೇನೆ.

ಏಪ್ರಿಲ್ 24, ಸಂಜೆ

ಬೆರಳಿಗೆ ಮುಲಾಮು ಹಚ್ಚಿದ್ದಾರೆ, ಅಕ್ಷರ ಸೊಟ್ಟಗೆ ಬರುತ್ತಿದೆ. ಆದರೂ ಬರೆದಿಡಬೇಕು.

ಮೂರುಮಾತು ಅಂಗಡಿಯ ಬಾಗಿಲು ಎತ್ತುತ್ತಿದ್ದ. ತುಟಿಯಲ್ಲಿ ಆಗಲೇ ಸ್ಕ್ರೂ ಇತ್ತು. ರಿವೆಟ್ ಹೊಡೆದ ವಿಷಯವನ್ನು ಸಂತೋಷದಿಂದಲೇ ಹೇಳಿದೆ. ಸ್ಕ್ರೂ ಅವನ ತುಟಿಯಿಂದ ಜಾರಿ ನೆಲಕ್ಕೆ ಬಿತ್ತು.

"ರಿವೆಟ್ಟಾ?" ಅಂದ. ಮುಂದೆ ಅವನು ಆಡಿದಷ್ಟು ಮಾತನ್ನು ಈ ಬೀದಿಯಲ್ಲಿ ಯಾರೂ ಅವನ ಬಾಯಿಂದ ಕೇಳಿರಲಾರರು. "ಅಲ್ಲ ಸಾರ್, ಎಂಜಿನ್ ತಣ್ಣಗಾಗೋದೇ ಆ ರೆಕ್ಕೆಗಳಿಂದ. ಗಾಳಿ ಅದರ ಸಂದೀಲಿ ಹೋಗ್ಬೇಕು. ನೀವು ಅದನ್ನೇ ಮುಚ್ಚಿ ಕೂತಿದೀರ. ಎರಡು ವಾರದಿಂದ ಅವರು ದಿನಾ ಬೆಳಿಗ್ಗೆ ಅದನ್ನ ಬಿಚ್ಚಿ ಈ ಹಲಗೆ ಮೇಲಿಟ್ಟು ಹೋಗ್ತಾರೆ, ಬರ್ತಾ ಮತ್ತೆ ಹಾಕ್ಕೊಂಡು ಮನೆಗೆ ಬರ್ತಾರೆ. ಗೋಣಿ ಅಲ್ಲಿ ಬಕೆಟ್ಟಲ್ಲಿ ಇರುತ್ತೆ. ಇವತ್ತು ಅವರು ಹೋಗುವಾಗ ನನ್ನ ಅಂಗಡಿ ತೆಗೆದಿರ್ಲಿಲ್ಲ. ಇನ್ನು ಬರೀ ಕೈಯಲ್ಲಿ ರಿವೆಟ್ ಕೀಳ್ತಾರಾ?"

"ಮೊದಲೇ ನನಗೆ ಹೇಳಬಾರದಿತ್ತಾ?"

"ಹೇಳಿದ್ನಲ್ಲ! ಗಾಳಿ ಬಿಡಿ ಅದಕ್ಕೆ ಅಂತ."

"ಬಿಟ್ಟೆನಲ್ಲಪ್ಪ, ಎರಡೂ ಚಕ್ರದ್ದು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಟೈರಿನ ಗಾಳಿ ಅಲ್ಲ ಸಾರ್. ಬೀಸೋ ಗಾಳಿ."

ಹಲಗೆಯ ಮೇಲೆ ಹಳೆಯ ದಿನಪತ್ರಿಕೆ ಹಾಸಿತ್ತು. ಅದರ ಮೇಲೆ ನನ್ನ ರಟ್ಟುಗಳ ಅಳತೆಗೆ ಸರಿಯಾಗಿ ಎರಡು ಚೌಕ, ಅವುಗಳ ಸುತ್ತ ಮಾತ್ರ ಧೂಳು. ಒಳ್ಳೆಯ ರೆಕ್ಸಿನ್ನಿಗೆ ಧೂಳು ಹಿಡಿಯದ ಗುಟ್ಟು ಅದು. ನಾನು ಅದನ್ನೇ ನೋಡುತ್ತ ನಿಂತಿದ್ದರೆ ಅವನು ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ರಿಪೇರಿಗೆ ಬಂದಿದ್ದ ಯಾರದೋ ಗಾಡಿಯನ್ನು ಹೊರಗೆ ತೆಗೆದಿದ್ದ. ನಾನು ಅವನ ಹಿಂದೆ ಹತ್ತಿ ಕೂತೆ. ಅದರದ್ದೂ ಏನೋ ತೊಂದರೆಯೇ, ದಾರಿಯಲ್ಲಿ ಎರಡು ಸಲ ನಿಂತು ಸರಿ ಮಾಡಿಕೊಳ್ಳಬೇಕಾಯಿತು.

ಐದನೆಯ ನಿಲ್ದಾಣ ದಾಟಿದ ಮೇಲೆ ಒಂದು ಮೋರಿಯ ಹತ್ತಿರ ಸಿಕ್ಕಳು. ಒಂಬತ್ತೂ ಮುಕ್ಕಾಲು. ಗಾಡಿ ಬಿಸಿಲಲ್ಲಿ ನಿಂತಿತ್ತು. ಲಸಿಕೆಯ ಪೆಟ್ಟಿಗೆಯನ್ನು ಮೋರಿಯ ಕೆಳಗಿನ ನೆರಳಿನಲ್ಲಿಟ್ಟು, ನನ್ನ ಒದ್ದೆ ಗೋಣಿಯನ್ನು ಅದಕ್ಕೆ ಸುತ್ತಿ, ಪಕ್ಕದಲ್ಲಿ ಕೂತಿದ್ದಳು. ಕೈಯಲ್ಲೊಂದು ಕಲ್ಲು. ಅದರಿಂದ ರಿವೆಟ್ ಒಡೆಯಲು ನೋಡಿದ್ದಾಳೆ, ಎರಡರ ತಲೆ ಚಪ್ಪಟೆಯಾಗಿತ್ತು. ಚೆನ್ನಾಗಿ ಹೊಡೆದಿದ್ದೆನಲ್ಲ.

ನನ್ನನ್ನು ಕಂಡು ಕಲ್ಲನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಯಾಕಮ್ಮಾ ಹೇಳಲಿಲ್ಲ?" ಅಂದೆ.

"ಹೇಳಿದ್ದೆ ಮಾವ. ಮೂರು ಸಲ. ನೀವು ಕಂದು ರೆಕ್ಸಿನ್ ಹಾಕ್ತೀನಿ ಅಂದ್ರಿ."

ಉಳಿಯನ್ನು ಮೂರುಮಾತಿನ ಕೈಯಿಂದ ಕಿತ್ತುಕೊಂಡೆ. ನಾನು ಹೊಡೆದದ್ದು, ನಾನೇ ಕೀಳಬೇಕು. ತಗಡು ಕಾದ ಹೆಂಚಾಗಿತ್ತು. ಎಡಗೈಯ ಎರಡು ಬೆರಳು ಅಂಟಿಕೊಂಡವು. ಎಡಗಡೆಯ ನಾಲ್ಕು ಕಿತ್ತ ಮೇಲೆ ಬಲಗಡೆಯನ್ನು ಅವಳೇ ಸುತ್ತಿಗೆ ಹಿಡಿದು ಕಿತ್ತಳು, ನಾನು ಉಳಿ ಹಿಡಿದುಕೊಂಡೆ. ಸುತ್ತಿಗೆ ಎತ್ತುವಾಗ ಅವಳ ಮುಖದಲ್ಲಿದ್ದ ಸಿಟ್ಟನ್ನು ನೋಡಿ ಉಳಿಯನ್ನು ಆದಷ್ಟು ದೂರದಿಂದ ಹಿಡಿದೆ. ರಟ್ಟುಗಳು ಕೆಳಗೆ ಬಿದ್ದವು. ಒಳಗೆ ರೆಕ್ಕೆಗಳು ಉದ್ದಕ್ಕೂ ತೆರೆದುಕೊಂಡಿದ್ದವು. ಎಂಥ ಅಂದದ ಕೆಲಸ, ಇಷ್ಟು ದಿನ ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

ಅವಳ ಗಾಡಿ ತಣ್ಣಗಾಗಿ ಸ್ಟಾರ್ಟ್ ಆಗುವಾಗ ಹತ್ತೂ ಕಾಲು. ತಲುಪಿದಾಗ ಹತ್ತು ನಲವತ್ತೆಂಟು. ನಾವು ಹಿಂದಿನಿಂದ ಹೋಗಿ ಮುಟ್ಟಿದಾಗ ಮೇಲ್ವಿಚಾರಕಿ ಪೆಟ್ಟಿಗೆಯ ಥರ್ಮಾಮೀಟರನ್ನು ಕನ್ನಡಕದ ಹತ್ತಿರ ಹಿಡಿದು ನೋಡುತ್ತಿದ್ದರು. ತಂಪು ಕೆಟ್ಟಿರಲಿಲ್ಲ. ಅಧಿಕಾರಿ ನಿಂತಿದ್ದರಿಂದ ಮೇಸ್ತ್ರಿ ಹೆಂಗಸರನ್ನು ಅಟ್ಟಿರಲಿಲ್ಲ. ಬುಟ್ಟಿಯಲ್ಲಿದ್ದ ಮಗುವೂ ಸೇರಿ ಇಪ್ಪತ್ತಮೂರು ಮಕ್ಕಳು ಒಬ್ಬರಾದ ಮೇಲೊಬ್ಬರು ಅತ್ತರು. ಅಷ್ಟು ಅಳುವನ್ನು ಕೇಳಿ ನನಗೆ ಸಮಾಧಾನವಾದದ್ದು ಇದೇ ಮೊದಲು.

ಆದರೆ ಹದಿನೆಂಟು ನಿಮಿಷ ಎಂದರೆ ಹದಿನೆಂಟು ನಿಮಿಷ. ನಾಳೆ ಕಚೇರಿಗೆ ಬಂದು ಕಾರಣ ಬರೆದುಕೊಡಬೇಕಂತೆ.

ಏಪ್ರಿಲ್ 25, ಗುರುವಾರ

ನಾನೂ ಬರುತ್ತೇನೆ ಅಂದೆ. ಸೊಸೆ ಇವಳ ಮುಖ ನೋಡಿದಳು. ಇವಳು, "ಕರ್ಕೊಂಡು ಹೋಗು. ಇಲ್ಲಿ ಬಿಟ್ರೆ ನನ್ನ ಹೊಲಿಗೆ ಮೆಷಿನ್ನಿಗೆ ಕೈ ಹಾಕ್ತಾರೆ" ಅಂದಳು.

ಕಚೇರಿ ಎಂದರೆ ಒಂದು ಮೇಜು, ಮೂರು ಕುರ್ಚಿ, ಗೋಡೆ ತುಂಬ ಫೈಲು. ಎಲ್ಲ ಫೈಲುಗಳ ಬೆನ್ನೂ ಬಿಚ್ಚಿಕೊಂಡಿದ್ದವು. ಕೈ ಕಟ್ಟಿಕೊಂಡು ಕೂತೆ.

ಮೇಲ್ವಿಚಾರಕಿ ಒಂದು ನಮೂನೆ ಮುಂದಿಟ್ಟರು. ತಡಕ್ಕೆ ಕಾರಣ: ವಾಹನದ ದೋಷ, ಸವಾರರ ದೋಷ, ಹವಾಮಾನ. ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು. ವಾಹನದ ದೋಷ ಎಂದರೆ ಗಾಡಿ ದಾರಿಗೆ ಅನರ್ಹ, ಅವಳಿಗೆ ಬೇರೆ ಗಾಡಿ ಇಲ್ಲ. ಸವಾರರ ದೋಷ ಎಂದರೆ ಮೂರನೆಯ ತಡ, ಉಗ್ರಾಣ. ಹವಾಮಾನ ಎನ್ನೋಣವೆಂದರೆ ಅವರೇ ನಿನ್ನೆ ಅಲ್ಲಿ ನಿಂತಿದ್ದರು, ಬಿಸಿಲು ದಿನದಂತೆಯೇ ಇತ್ತು.

ಸೊಸೆ ಪೆನ್ನು ಹಿಡಿದು ಸುಮ್ಮನೆ ಕೂತಿದ್ದಳು. ನನ್ನ ಹೆಸರು ಹೇಳಲು ಅವಳಿಗೆ ಬಾಯಿ ಬರುತ್ತಿಲ್ಲ ಎಂದು ನನಗೆ ಗೊತ್ತಾಯಿತು. ಆ ಮರ್ಯಾದೆಯಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು.

"ಮೇಡಂ, ಒಂದು ತುಂಡು ಕಾಗದ ಕೊಡ್ತೀರಾ? ಗೋಂದೂ ಬೇಕು" ಅಂದೆ.

ಪುಸ್ತಕ ಅಚ್ಚಾದ ಮೇಲೆ ತಪ್ಪು ಕಂಡರೆ ನಾವು ಇಡೀ ಪುಸ್ತಕವನ್ನು ಎಸೆಯುತ್ತಿರಲಿಲ್ಲ. ಒಂದು ಚೀಟಿ ಅಚ್ಚು ಮಾಡಿ ಒಳಗೆ ಅಂಟಿಸು ಎನ್ನುತ್ತಿದ್ದರು. ಎಡಗಡೆ "ತಪ್ಪು", ಬಲಗಡೆ "ಒಪ್ಪು". ಅಂಥ ಸಾವಿರಾರು ಚೀಟಿ ಅಂಟಿಸಿದ್ದೇನೆ, ಎಲ್ಲ ಬೇರೆಯವರ ತಪ್ಪಿಗೆ. ಮುಲಾಮು ಹಚ್ಚಿದ ಬೆರಳಿನಲ್ಲಿ ಚೀಟಿ ಹಿಡಿದು ಬರೆದೆ:

ತಪ್ಪು: ವಾಹನದ ದೋಷ. ಒಪ್ಪು: ಮಾವನ ದೋಷ.
ತಪ್ಪು: ಸವಾರರ ದೋಷ. ಒಪ್ಪು: ಮಾವನ ದೋಷ.
ತಪ್ಪು: ಪೋಲಿ ಹುಡುಗರು ಟೈರಿನ ಗಾಳಿ ಬಿಟ್ಟರು. ಒಪ್ಪು: ಮಾವ ಬಿಟ್ಟರು.

ಕೊನೆಯದನ್ನು ಬರೆಯುವಾಗ ಸೊಸೆ ಪಕ್ಕದಿಂದ ಇಣುಕಿದಳು. "ಅದು ಗೊತ್ತಿತ್ತು ಮಾವ" ಎಂದು ಪಿಸುಗುಟ್ಟಿದಳು.

ಕೆಳಗೆ ಸಹಿ ಹಾಕಿ, ನಮೂನೆಯ ಅಂಚಿಗೆ ನೇರವಾಗಿ ಅಂಟಿಸಿಕೊಟ್ಟೆ. ಮೇಲ್ವಿಚಾರಕಿ ಎರಡು ಸಲ ಓದಿದರು. ನಗಲಿಲ್ಲ. ನಗುವ ಪೈಕಿಯೇ ಅಲ್ಲ. ನಾನು ರಟ್ಟಿನಿಂದ ಹಿಡಿದು ರಿವೆಟ್ಟಿನ ತನಕ ಹೇಳುವುದನ್ನು ಕೇಳಿಸಿಕೊಂಡು ಕಪಾಟಿನಿಂದ ನಿಯಮಗಳ ಪುಸ್ತಕ ತೆಗೆದರು.

"ನೀವು ನಮ್ಮ ಸಿಬ್ಬಂದಿ ಅಲ್ಲ."

"ಅಲ್ಲ ಮೇಡಂ."

"ವಾಹನದ ಭಾಗವೂ ಅಲ್ಲ."

"ಅಲ್ಲ."

ಪುಟ ತಿರುಗಿಸುತ್ತ ಹೋದರು. ಒಂದು ಕಡೆ ಬೆರಳು ನಿಂತಿತು. "ಮಾರ್ಗದಲ್ಲಿ ಹೊರಗಿನ ಅಡಚಣೆ. ಇದರಿಂದ ಆದ ತಡವನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ. ಉರುಳಿದ ಮರ, ಕುಸಿದ ಸೇತುವೆ, ದನಕರು, ಇತರೆ." ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನಿಮ್ಮನ್ನ 'ಇತರೆ'ಯಲ್ಲಿ ಸೇರಿಸ್ತೀನಿ. ಎರಡನೇ ತಡವನ್ನೂ ತೆಗೆದು ಹಾಕ್ತೀನಿ, ಅಲ್ಲೂ ಅಡಚಣೆ ನೀವೇ. ಆದ್ರೆ ಅಡಚಣೆ ತೆರವಾಗಿದೆ ಅಂತ ಯಾರಾದ್ರೂ ಬರೆದುಕೊಡ್ಬೇಕು."

ಹೀಗೆ ನಾನು, ಉರುಳಿದ ಮರಗಳ ಮತ್ತು ದನಕರುಗಳ ಸಾಲಿನಲ್ಲಿ ನಿಂತು, "ಮೇಲ್ಕಂಡ ಅಡಚಣೆಯು ಇಂದಿನಿಂದ ಸಂಪೂರ್ಣ ತೆರವುಗೊಂಡಿರುತ್ತದೆ" ಎಂದು ನನ್ನ ಕೈಯಾರೆ ಬರೆದು ಸಹಿ ಹಾಕಿದೆ. ದಾರಿ ಅವಳಿಗೇ ಉಳಿಯಿತು.

ಹೊರಗೆ ಬಂದು ಅವಳು ಗಾಡಿ ತೆಗೆದಳು. ನಾನು ಹಿಂದೆ ಕೂತೆ. ಅವಳು ಓಡಿಸುವಾಗ ಹಿಂದೆ ಕೂತದ್ದು ಇದೇ ಮೊದಲು. ಕ್ಲಚ್ಚನ್ನು ಅರ್ಧ ಹಿಡಿಯುವುದಿಲ್ಲ. ಗೇರು ಬದಲಾಯಿಸಿದ್ದು ತಿಳಿಯುವುದೇ ಇಲ್ಲ. ಮೊದಲನೆಯ ತಿರುವಿನಲ್ಲಿ ಒಂದು ಮಾತು ನಾಲಿಗೆಯ ತುದಿಗೆ ಬಂತು, ನುಂಗಿದೆ. ಲಾರಿಯೊಂದು ಎದುರಾದಾಗ ಇನ್ನೊಂದು ಬಂತು, ಅದನ್ನೂ ನುಂಗಿದೆ. ಮಾರುಕಟ್ಟೆಯ ಹತ್ತಿರ ಒಟ್ಟಿಗೆ ಮೂರು. ಲೆಕ್ಕ ಇಟ್ಟೆ, ಮನೆಯ ಬೀದಿ ಬರುವಾಗ ಹನ್ನೊಂದು ಆಗಿದ್ದವು.

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. "ಏನೋ ಹೇಳೋಕೆ ಹೊರಟ್ರಲ್ಲ ಮಾವ?"

"ಏನಿಲ್ಲಮ್ಮ. ನೀನು ದಾರಿ ನೋಡ್ಕೊಂಡು ಓಡಿಸು" ಅಂದೆ.

ಅದೂ ಒಂದು ಸಲಹೆಯೇ ಎಂದು ಹೊಳೆದದ್ದು ಗಾಡಿಯಿಂದ ಇಳಿದ ಮೇಲೆ.